ಅದು ಅವಳ ಪತ್ರವೇ

"ಆ ಹೆಂಗಸಿಗೆ ಓದುಬರಹ ಬರುತ್ತಿರಲಿಲ್ಲವಲ್ಲ, ಮತ್ತೆ ಅದು ಅವಳ ಪತ್ರ ಹೇಗಾಗುತ್ತದೆ?" ಆ್ಯನ್ ಎಂಬ ಗುಲಾಮ ಹೆಣ್ಣುಮಗಳು ಗಂಡನಿಗೆ ಬರೆಸಿದ ಪತ್ರದ ಬಗ್ಗೆ ಎಲ್ಲಿ ಮಾತನಾಡಿದರೂ ಯಾರಾದರೊಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ. ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳುವವರು ಇದನ್ನು ಓದಿಕೊಳ್ಳಲಿ.

ಮೊದಲು ಪತ್ರ. ಅಮೆರಿಕದ ಅಂತರ್ಯುದ್ಧದ ಕಾಲ, 1864ರ ಜನವರಿ 19, ಮಿಸೌರಿ ರಾಜ್ಯದ ಪ್ಯಾರಿಸ್ ಎಂಬ ಊರು. ಗಂಡ ಆಂಡ್ರ್ಯೂ ಲಿಂಕನ್ನರ ಸೈನ್ಯ ಸೇರಿದ್ದಾನೆ. ನಿನ್ನ ಎರಡು ಪತ್ರ ಬಂದವು, ಬರೆದುಕೊಡುವವರು ಇವತ್ತಿನವರೆಗೆ ಸಿಗಲಿಲ್ಲ ಎನ್ನುತ್ತಾಳೆ. ದಿನದಿಂದ ದಿನಕ್ಕೆ ಇವರ ಕಾಟ ಹೆಚ್ಚುತ್ತಿದೆ, ಮಗು ನಿನಗಾಗಿ ಅಳುತ್ತದೆ, ನನಗೂ ಮಗುವಿಗೂ ಮೈಮುಚ್ಚಲು ಬಟ್ಟೆಯಿಲ್ಲ, ಬೇಗ ಹಣ ಕಳಿಸು, ನನ್ನ ಬಟ್ಟೆ ಇನ್ನೂ ಮಗ್ಗದಲ್ಲೇ ಇದೆ. ಯಜಮಾನನ ಹೆಸರಿಗೆ ಹಣ ಕಳಿಸಬೇಡ, ಅವನೇ ಇಟ್ಟುಕೊಳ್ಳುತ್ತಾನೆ. ನನ್ನ ಚಿಂತೆ ಹೆಚ್ಚು ಮಾಡಬೇಡ, ಬೇಗನೆ ನನಗೆ ಬಿಡುಗಡೆಯಾಗುತ್ತದೆ, ಆಮೇಲೆ ದುಡಿದದ್ದೆಲ್ಲ ನಮ್ಮದೇ. ಹೆಸರು ಹಾಕಿದ ಮೇಲೆ ಇನ್ನೊಂದು ಸಾಲು: ಮುಂದಿನ ಪತ್ರದಲ್ಲಿ ನಮ್ಮ ಪುಟ್ಟ ಮಗಳಿಗೆ ಒಂದು ಮಣಿಸರ ಕಳಿಸು, ನಿನ್ನ ನೆನಪಿಗೆ.

ಅದರ ಜೊತೆಗೆ, ಅವಳ ಮಾತನ್ನು ಬರೆದುಕೊಟ್ಟ ಜೇಮ್ಸ್ ಕಾರ್ನಿ ತಾನೇ ಆಂಡ್ರ್ಯೂಗೆ ಬರೆದ ಒಂದು ಟಿಪ್ಪಣಿ ಇದೆ. ಪತ್ರಗಳನ್ನು ನೇರ ನನ್ನ ವಿಳಾಸಕ್ಕೆ ಹಾಕು, ತಿಂಗಳಿಗೊಂದು ಸಾಕು, ಇಲ್ಲಿಂದ ಪತ್ರ ಬಂದಿದೆ ಎಂದು ತೋರಿಸಿಕೊಳ್ಳಬೇಡ, ಅವಳು ನಮ್ಮ ಮನೆಗೆ ಬರುವುದನ್ನೇ ಯಜಮಾನ ನಿಷೇಧಿಸಿದ್ದಾನೆ. ಎಚ್ಚರದ ಮನುಷ್ಯನ ಕೆಲಸದ ಮಾತು. ಎರಡನ್ನೂ ಒಟ್ಟಿಗೆ ಓದಿ. ಅಳುವ ಮಗು, ಮಗ್ಗದಲ್ಲಿ ಉಳಿದ ಬಟ್ಟೆ, ಮಣಿಸರ ಯಾರ ಮಾತು ಎಂದು ಆಮೇಲೂ ಕೇಳುತ್ತೀರಾ?

ಒಂದು ಸಭೆಯಲ್ಲಿ ಹಿರಿಯರೊಬ್ಬರು "ಬರೆದವನು ತನ್ನದನ್ನೂ ಸೇರಿಸಿರುತ್ತಾನೆ ಬಿಡಿ" ಎಂದು ನಕ್ಕರು. ನನಗೆ ಅಲ್ಲೇ ರೇಗಿತು. ನಮ್ಮ ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಅವರು ಹೇಳಿದ್ದನ್ನು ಇನ್‌ಲ್ಯಾಂಡ್ ಪತ್ರದಲ್ಲಿ ನಾನು ಬರೆಯುತ್ತಿದ್ದೆ. "ಉಭಯ ಕುಶಲೋಪರಿ" ನನ್ನದು, ಅಲ್ಲಿಂದ ಮುಂದೆಲ್ಲ ಅವರದು. ಬರೆದಾದ ಮೇಲೆ ಓದಿಸಿ ಕೇಳುತ್ತಿದ್ದರು. ಶಾಲೆಯಲ್ಲಿ ಕಲಿತ ಚೆಂದದ ಪದವೊಂದನ್ನು ನಾನು ತೂರಿಸಿದ್ದರೆ ಅಲ್ಲಿಗೇ ತಡೆಯುತ್ತಿದ್ದರು: "ನಾನು ಹಾಗೆಲ್ಲಿ ಹೇಳಿದೆ? ಹೊಡೆದು ಹಾಕು." ಅಕ್ಷರ ಬಾರದವರಿಗೆ ತಮ್ಮ ಮಾತು ಯಾವುದೆಂದು ಚೆನ್ನಾಗಿ ಗೊತ್ತಿರುತ್ತದೆ.

"ಬರುತ್ತಿರಲಿಲ್ಲ" ಎಂಬ ಮಾತೇ ತಪ್ಪು, ಕಲಿಯಲು ಬಿಡಲಿಲ್ಲ ಎನ್ನಬೇಕು. ಕಪ್ಪು ಜನರಿಗೆ ಓದುಬರಹ ಕಲಿಸುವುದನ್ನು ಮಿಸೌರಿ 1847ರಲ್ಲೇ ಕಾನೂನು ಮಾಡಿ ನಿಷೇಧಿಸಿತ್ತು. ಕಲಿಯಲು ಬಿಡದೆ, ಆಮೇಲೆ ನೂರೈವತ್ತಕ್ಕೂ ಹೆಚ್ಚು ವರ್ಷ ಕಲಿತಿಲ್ಲವೆಂದು ಅವಳನ್ನೇ ಅನುಮಾನಿಸುವುದು ಯಾವ ನ್ಯಾಯ?

ಕೇಳಬೇಕಾದದ್ದು ಬೇರೆಯೇ ಇದೆ. ಗುಲಾಮರನ್ನು ಬಿಡುಗಡೆ ಮಾಡುವ ಲಿಂಕನ್ನರ ವಿಮೋಚನಾ ಘೋಷಣೆ 1863ರ ಜನವರಿ 1ರಂದೇ ಬಂದಿತ್ತು. ಒಂದು ವರ್ಷ ಕಳೆದರೂ ಆ್ಯನ್ ಏಕೆ ಗುಲಾಮಳಾಗಿಯೇ ಇದ್ದಳು? ಇದನ್ನು ಯಾರೂ ಕೇಳುವುದಿಲ್ಲ. ಘೋಷಣೆ ಬಂಡೆದ್ದ ಪ್ರದೇಶಗಳಿಗೆ ಮಾತ್ರ ಅನ್ವಯಿಸಿತು. ಮಿಸೌರಿ ಅಮೆರಿಕದ ಒಕ್ಕೂಟ ಬಿಟ್ಟು ಹೋಗಲಿಲ್ಲ, ಆದ್ದರಿಂದ ಅಲ್ಲಿನ ಯಜಮಾನರ ಹಕ್ಕು ಹಾಗೆಯೇ ಉಳಿಯಿತು. ಸೈನ್ಯ ಸೇರಿದ ಗಂಡನಿಗೆ ಬಿಡುಗಡೆ, ಅವನ ಹೆಂಡತಿ ಮಕ್ಕಳು ಗುಲಾಮರೇ. ಮಿಸೌರಿ ಗುಲಾಮಗಿರಿಯನ್ನು ರದ್ದು ಮಾಡಿದ್ದು 1865ರ ಜನವರಿ 11ರಂದು. ಕಪ್ಪು ಸೈನಿಕರ ಹೆಂಡತಿ ಮಕ್ಕಳನ್ನು ಬಿಡುಗಡೆ ಮಾಡುವ ಕಾನೂನು ಅಮೆರಿಕದ ಸಂಸತ್ತಿನಲ್ಲಿ ಬಂದದ್ದು ಅದೇ ವರ್ಷದ ಮಾರ್ಚ್ 3ರಂದು.

ಅವಳು ಹಣ ಕೇಳಿದಳಲ್ಲ, ಆಗ ಬಿಳಿಯ ಸಿಪಾಯಿಗೆ ತಿಂಗಳಿಗೆ 13 ಡಾಲರ್ ಸಂಬಳ. ಕಪ್ಪು ಸಿಪಾಯಿಗೆ 10, ಅದರಲ್ಲೂ ಬಟ್ಟೆಯ ಲೆಕ್ಕಕ್ಕೆ 3 ಕಡಿತ. ಉಳಿದ 7 ಡಾಲರಿನಲ್ಲಿ ಹೆಂಡತಿ ಮಗುವಿನ ಬಟ್ಟೆ ಆಗಬೇಕು, ಮಗಳ ಮಣಿಸರವೂ ಆಗಬೇಕು.