"ಸಹಿ ಹಾಕಿದ್ರೆ ಮಾನ ಹೋಗಲ್ವಾ ಸಾರ್?"

ಚಿಂತಾಮಣಿಯಲ್ಲಿ ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರು ಕೂತು ಪತ್ರ ಬರೆಯುವುದು ನನ್ನ ಕಸುಬು. ಕ್ರಯಪತ್ರ, ದಾನಪತ್ರ, ಅಡಮಾನ ಎಲ್ಲ ಬರುತ್ತವೆ. ತಲೆ ತಿನ್ನುವುದು ಮಾತ್ರ ಅಣ್ಣತಮ್ಮಂದಿರ ಪಾಲುಪಟ್ಟಿ. ಕರಡು ಓದಿ ಹೇಳಿರುತ್ತೇನೆ, ಚಕ್ಕುಬಂದಿ, ಅಂದರೆ ಜಮೀನಿನ ನಾಲ್ಕು ದಿಕ್ಕಿನ ಗಡಿ, ಸರಿಯಿದೆ ಅಂತ ಇಬ್ಬರೂ ಒಪ್ಪಿರುತ್ತಾರೆ, ಸಾಕ್ಷಿಗಳು ಟೀ ಕುಡಿದು ಕಾಯುತ್ತಿರುತ್ತಾರೆ. ಇನ್ನೇನು ಒಳಗೆ ಹೋಗಬೇಕು, ಆಗ ಒಬ್ಬ ನನ್ನನ್ನು ಪಕ್ಕಕ್ಕೆ ಕರೆಯುತ್ತಾನೆ. "ಸಾರ್, ಇಷ್ಟು ವರ್ಷ ಆದಮೇಲೆ ಈಗ ಸಹಿ ಹಾಕಿದ್ರೆ ಮಾನ ಹೋಗಲ್ವಾ?" ಅವನು ಅತ್ತ ಹೋದಮೇಲೆ ಅವನ ಹೆಂಡತಿಯೋ ಭಾವಮೈದನೋ ಬಂದು ಕೇಳುತ್ತಾರೆ: "ಇವರದ್ದು ಸ್ವಾಭಿಮಾನಾನಾ ಹಠಾನಾ, ನೀವೇ ಹೇಳಿ ಸಾರ್."

ಪತ್ರ ಬರೆಯುವವನಿಗೆ ಇದೆಲ್ಲ ಯಾಕೆ ಅಂತ ಮೊದಮೊದಲು ಜಾರಿಕೊಳ್ಳುತ್ತಿದ್ದೆ. ಈಗ ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ: "ಎದುರುಗಡೆಯವರು ನಾಳೆ ಊರೇ ಬಿಟ್ಟು ಹೋದರು ಅಂತಿಟ್ಕೊಳ್ಳಿ. ಆಗಲೂ ನಿಮಗೆ ಇದು ಬೇಕಾ?"

ಇದನ್ನು ನನಗೆ ಕಲಿಸಿದ್ದು ಒಂದು ಹುಣಸೆಮರ. ಎರಡು ಹೊಲದ ನಡುವಿನ ಬದುವಿನ ಮೇಲೆ ನಿಂತಿತ್ತು. ಅಣ್ಣ ನನ್ನದು ಅಂದ, ತಮ್ಮ ನನ್ನದು ಅಂದ. ಸರ್ವೆಯವರು ಬಂದು ಹದ್ದುಬಸ್ತು ಮಾಡಿ ಗೆರೆ ಎಳೆದರೆ, ಗೆರೆ ಸರಿಯಾಗಿ ಬುಡದ ಮೇಲೇ ಹಾದುಹೋಯಿತು! ಅಲ್ಲಿಂದಾಚೆಗೆ ಮರ ಹತ್ತಿದವರೇ ಇಲ್ಲ. ಅವನು ಬಡಿದರೆ ಇವನು ಪೊಲೀಸ್ ಕಂಪ್ಲೇಂಟು, ಇವನು ಬಡಿದರೆ ಅವನು. ಶಿವರಾತ್ರಿ ಕಳೆದು ಊರವರೆಲ್ಲ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಾ ಕೂತಿದ್ದರೆ, ಈ ಎರಡು ಮನೆಯ ಹೆಂಗಸರು ಅಂಗಡಿಯಿಂದ ಕಾಲು ಕೆಜಿ, ಅರ್ಧ ಕೆಜಿ ಹುಣಸೆಹಣ್ಣು ಕೊಂಡು ತರುತ್ತಿದ್ದರು. ಅಣ್ಣನ ಹೆಂಡತಿ ನನ್ನ ಮೇಜಿನ ಮುಂದೆ ನಿಂತು ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ನಮ್ ಮರದ್ದು ಇರುವೆ ತಿಂತಾವೆ ಸಾರ್. ನಾವು ಸಾರಿಗೆ ದುಡ್ಡು ಕೊಟ್ಟು ತರ್ತೀವಿ."

ಆ ಅಣ್ಣನಿಗೆ ನನ್ನ ಪ್ರಶ್ನೆ ಹಾಕಿದೆ. ಟವೆಲಿನಿಂದ ಮುಖ ಒರೆಸಿಕೊಂಡ, ಆಫೀಸಿನ ಗೇಟಿನ ಕಡೆ ನೋಡಿದ. ತಮ್ಮ ಅಲ್ಲೇ ನಿಂತಿದ್ದ. "ಅವನೇ ಇಲ್ದಿದ್ರೆ ಆ ಮರ ತಗೊಂಡು ನಾನೇನ್ ಮಾಡ್ಲಿ" ಅಂದ. ಫಸಲು ಅರ್ಧರ್ಧ ಅಂತ ಒಂದು ಸಾಲು ಸೇರಿಸಿದೆ. ಅಲ್ಲಿಗೆ ಮುಗಿಯಿತು.

ಹಠಕ್ಕೆ ಎದುರಾಳಿ ಬೇಕೇ ಬೇಕು. ಅವನು ನೋಡುತ್ತಿರಬೇಕು, ಉರಿದುಕೊಳ್ಳಬೇಕು. ಸ್ವಾಭಿಮಾನಕ್ಕೆ ಯಾರೂ ನೋಡದಿದ್ದರೂ ನಡೆಯುತ್ತದೆ.

ಹಾಗಂತ ಸಹಿ ಹಾಕದವರೆಲ್ಲ ಹಠಮಾರಿಗಳಲ್ಲ. ಒಬ್ಬ ಅಮ್ಮ ಬಂದಿದ್ದರು, ಅರವತ್ತರ ಮೇಲಿನ ವಯಸ್ಸು. ಆಸ್ತಿಯಲ್ಲಿ ತನ್ನ ಪಾಲು ಬಿಟ್ಟುಕೊಟ್ಟೆ ಅನ್ನುವ ಹಕ್ಕು ಖುಲಾಸೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಲು ತಮ್ಮಂದಿರು ಕಾರಿನಲ್ಲಿ ಕರೆತಂದಿದ್ದರು. ಅರಿಶಿನ ಕುಂಕುಮಕ್ಕೆ ಅಂತ ಒಂದಿಷ್ಟು ದುಡ್ಡು, ಒಂದು ಸೀರೆ ಕೂಡ ತಂದಿದ್ದರು. ನಾನು ಓದಿ ಹೇಳಿದೆ. ಆಕೆ ಕೈ ಸೆರಗಿನೊಳಗೆ ಇಟ್ಟುಕೊಂಡೇ, "ದುಡ್ಡು ಬ್ಯಾಡ. ಐದು ಗುಂಟೆ ಕೊಡ್ಲಿ. ನಮ್ಮಪ್ಪನ ಹೆಸರಿದ್ದ ಕಡೆ ನನ್ನ ಹೆಸರೂ ಬರ್ಲಿ" ಅಂದರು. ಎಕರೆಗೆ 40 ಗುಂಟೆ ಲೆಕ್ಕದಲ್ಲಿ ಆಕೆ ಕೇಳಿದ್ದು ಒಂದು ಎಕರೆಯ ಎಂಟನೇ ಒಂದು ಭಾಗ. ಕಾನೂನಿನ ಪ್ರಕಾರ ಇನ್ನೂ ಜಾಸ್ತಿ ಕೇಳಬಹುದಿತ್ತು. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಪಾಲು ಅಂತ ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದರೂ ಅದಕ್ಕೆ ಮೊದಲು ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ಆ ಭೇದ ತೆಗೆಯಿತು. ಅಪ್ಪ 2005ಕ್ಕೆ ಮುಂಚೆಯೇ ತೀರಿಕೊಂಡಿದ್ದರೂ ಮಗಳ ಹಕ್ಕು ಹೋಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ಆಕೆಗೆ ಇದ್ಯಾವುದೂ ಗೊತ್ತಿರಲಿಲ್ಲ. ತಮ್ಮಂದಿರು "ಮುದುಕಿಗೆ ಈ ವಯಸ್ಸಲ್ಲಿ ಹಠ ನೋಡಿ" ಅಂದರು. ಕೊನೆಗೂ ಐದು ಗುಂಟೆ ಕೊಟ್ಟರು. ಪಹಣಿಯಲ್ಲಿ ಮಾಲೀಕರ ಹೆಸರು ಬರೆಯುವ 9ನೇ ಕಾಲಂನಲ್ಲಿ ಆಕೆಯ ಹೆಸರು ಬಂತು. ಆ ನೆಲದಲ್ಲಿ ಈಗಲೂ ರಾಗಿ ಬೆಳೆಯುವುದು ಕಿರಿಯ ತಮ್ಮನೇ, ಆಕೆ ಒಂದು ಸೇರೂ ಕೇಳಿಲ್ಲ. ಗಂಡಸು ಪಟ್ಟು ಹಿಡಿದರೆ ಛಲಗಾರ, ಹೆಂಗಸು ಹಿಡಿದರೆ ಹಠಮಾರಿ ಅನ್ನುವುದು ನಮ್ಮ ಸೀಮೆಯ ಹಳೇ ಲೆಕ್ಕ. ನಮ್ಮ ಕಡೆ ಅರ್ಧ ಜನ ಮನೆಯಲ್ಲಿ ತೆಲುಗು ಆಡುತ್ತಾರಲ್ಲ, ಅವರು 'ಮೊಂಡಿ' ಅಂದುಬಿಡುತ್ತಾರೆ. ಎರಡು ಭಾಷೆಯಲ್ಲಿ ಬೈಸಿಕೊಳ್ಳಬೇಕು ಪಾಪ.

ಇಂಥ ಮಾತು ಬಂದಾಗ ಯಾರಾದರೊಬ್ಬರು ವಿಶ್ವೇಶ್ವರಯ್ಯನವರನ್ನು ಎಳೆದು ತರುತ್ತಾರೆ, ಮುದ್ದೇನಹಳ್ಳಿ ನಮ್ಮ ಜಿಲ್ಲೆಯದೇ ತಾನೆ. ಸರ್ಕಾರಿ ಕೆಲಸದಲ್ಲಿ ಹಿಂದುಳಿದವರಿಗೆ ಮೀಸಲು ಕೊಡುವ ವಿಚಾರದಲ್ಲಿ ಮಹಾರಾಜರ ಜೊತೆ ಹೊಂದದೆ 1918ರಲ್ಲಿ ದಿವಾನಗಿರಿ ಬಿಟ್ಟರು. ಆ ವಿಚಾರದಲ್ಲಿ ನಾನು ಮಹಾರಾಜರ ಕಡೆಯೇ. ಮೀಸಲು ಇಲ್ಲದಿದ್ದರೆ ನಮ್ಮ ಮನೆಯಲ್ಲಿ ಒಬ್ಬರೂ ಸರ್ಕಾರಿ ಕೆಲಸ ನೋಡುತ್ತಿರಲಿಲ್ಲ. ಆದರೂ ಅದನ್ನು ಹಠ ಅನ್ನಲು ನನಗೆ ಬಾಯಿ ಬರುವುದಿಲ್ಲ. ಒಪ್ಪಿಗೆಯಾಗದ ಕೆಲಸ ಮಾಡಲಾರೆ ಅಂತ ಕುರ್ಚಿ ಬಿಟ್ಟು ಎದ್ದು ಹೋದರು. ನಷ್ಟ ತಾವೇ ಹೊತ್ತುಕೊಂಡರು. ಹುಣಸೆಮರದ ನಷ್ಟ ಹೊತ್ತವರು ಅಡುಗೆಮನೆಯಲ್ಲಿದ್ದರು.

ಇಷ್ಟೆಲ್ಲ ಹೇಳುವ ನನ್ನ ಕಥೆಯೂ ಇದೆ. ಅಕ್ಕನ ಮಗಳ ಲಗ್ನಪತ್ರಿಕೆ ಮನೆಗೆ ಬಂತು. ಸುಖಾಗಮನ ಬಯಸುವವರ ಪಟ್ಟಿಯಲ್ಲಿ ಬೀಗರ ಷಡ್ಡಕರ ಹೆಸರಿತ್ತು, ಸೋದರಮಾವನ ಹೆಸರಿರಲಿಲ್ಲ. ಪ್ರೆಸ್ಸಿನವರು ಬಿಟ್ಟಿದ್ದಾರೆ ಅಂತ ಅಕ್ಕ ಅತ್ತಳು. ನಾನು ದಿನಾ ಬರೆಯುವ ಪತ್ರಗಳಲ್ಲಿ ಒಂದು ಹೆಸರು ಬಿಟ್ಟುಹೋದರೆ ತಿದ್ದುಪಡಿ ಪತ್ರ ಮಾಡಿಸಿ ಮುಗಿಸುತ್ತೇವೆ. ಲಗ್ನಪತ್ರಿಕೆಗೆ ಮಾತ್ರ ನನಗೆ ತಿದ್ದುಪಡಿ ಹಿಡಿಸಲಿಲ್ಲ. ಮದುವೆ ದಿನ ಹೆಂಡತಿ ಮಕ್ಕಳನ್ನು ಕಳಿಸಿದೆ. ರೇಷ್ಮೆ ಪಂಚೆ ಉಟ್ಟು, ಶಲ್ಯ ಹೆಗಲ ಮೇಲೆ ಹಾಕಿಕೊಂಡು, ಜಗಲಿಯ ಮೇಲೆ ಫೋನ್ ಇಟ್ಟುಕೊಂಡು ಕೂತೆ. ಮುಹೂರ್ತಕ್ಕೆ ಮುಂಚೆ ಮೂರು ಸಲ ಫೋನ್ ಬಂತು. ನಾಲ್ಕನೇ ಸಲ ಬಂದರೆ ಎತ್ತೋಣ ಅಂದುಕೊಂಡೆ.

ಹುಡುಗಿಯನ್ನು ಮಂಟಪಕ್ಕೆ ಕರೆತಂದಿದ್ದು ಅವಳ ಚಿಕ್ಕಪ್ಪನಂತೆ. ಈಗ ಅವಳಿಗೆ ಎರಡು ಮಕ್ಕಳು. "ಮಾಮ, ಊಟ ಮಾಡ್ಕೊಂಡೇ ಹೋಗ್ಬೇಕು" ಅಂತ ಬಲವಂತ ಮಾಡಿ ಬಡಿಸುತ್ತಾಳೆ. ಮದುವೆ ಆಲ್ಬಂ ಮಾತ್ರ ನಾನಿದ್ದಾಗ ಹೊರಗೆ ತೆಗೆಯುವುದಿಲ್ಲ.