ಮೂರನೇ ಕಲ್ಲನ್ನು ತೆಗೆದಿಟ್ಟೆ

ವಾಲಿಬಾಲ್‌ಗಾಗಿ ಎತ್ತರ ನೆಗೆಯುವ ಅಭ್ಯಾಸಕ್ಕೆ ಇದು ಒಂಬತ್ತನೇ ವಾರ. ಮಳೆ ಹಿಡಿದಿದೆ. ತೀರ್ಥಹಳ್ಳಿ ಕಡೆಯ ಮಳೆ ಎಂದಮೇಲೆ ಅಂಗಳಕ್ಕೆ ಪಾಚಿ ಕಟ್ಟಲು ಹೆಚ್ಚು ದಿನ ಬೇಕಿಲ್ಲ. ಅಲ್ಲಿ ನೆಗೆದರೆ ಸೊಂಟ ಉಳಿಯುವುದಿಲ್ಲ. ಹಾಗಾಗಿ ಅಭ್ಯಾಸ ಅಡಿಕೆ ಸುಲಿಯುವ ಮನೆಯೊಳಗೆ ವರ್ಗವಾಗಿದೆ. ನೆಲ ಗಟ್ಟಿ ಮಣ್ಣಿನದು, ಒಣಗಿದೆ, ಮಾಡು ಮಾತ್ರ ತಗ್ಗು. "ತಲೆ ತೊಲೆಗೆ ತಾಗಿದ ದಿನ ನಿಲ್ಲಿಸು" ಎಂದು ಅತ್ತೆಯ ಮಗ ಕುಶಾಲು ಮಾಡುತ್ತಾನೆ. ನೆಗೆತದ ವಿಡಿಯೊ ತೆಗೆಯಲು ಮೊಬೈಲ್ ಹಿಡಿಯುವವನು ಅವನೇ, ಸಹಿಸಬೇಕು.

ಲೆಕ್ಕ ಹೀಗಿದೆ. ಪುರುಷರ ವಾಲಿಬಾಲ್ ಬಲೆಯ ಎತ್ತರ 2.43 ಮೀಟರ್. ಕೈಯೆತ್ತಿ ನಿಂತರೆ ನನ್ನ ಬೆರಳ ತುದಿ 2.20ಕ್ಕೆ ಬರುತ್ತದೆ. ಮಣಿಕಟ್ಟು ಬಲೆ ದಾಟಬೇಕಾದರೆ, ಬೆರಳ ತುದಿಯಿಂದ ಮಣಿಕಟ್ಟಿನವರೆಗಿನ ಉದ್ದವೂ ಸೇರಿ, 42 ಸೆಂ.ಮೀ. ನೆಗೆಯಬೇಕು. ಮೊದಲ ವಾರ ಗಾಳಿಯಲ್ಲಿದ್ದ ಹೊತ್ತು 0.50 ಸೆಕೆಂಡ್, ಅಂದರೆ ಸುಮಾರು 31 ಸೆಂ.ಮೀ. ಈಗ 0.55, ಅಂದರೆ 37. (ಇಳಿಯುವಾಗ ಮಂಡಿ ಮಡಚಿಕೊಂಡರೆ ಈ ಅಳತೆ ಸುಳ್ಳು ಹೇಳುತ್ತದೆ. ಮೊದಲೆರಡು ವಾರ ನಾನೂ ಹಾಗೆಯೇ ಹಿಗ್ಗಿದ್ದೆ.)

ನಿಜವಾಗಿ ದಾರಿ ತಪ್ಪಿದ್ದು ಜಂಬಿಟ್ಟಿಗೆ ಕಲ್ಲಿನ ವಿಷಯದಲ್ಲಿ. ಎತ್ತರದಿಂದ ಧುಮುಕಿ, ನೆಲ ಮುಟ್ಟಿದ ಕೂಡಲೇ ಮೇಲಕ್ಕೆ ಚಿಮ್ಮುವ ಅಭ್ಯಾಸಕ್ಕೆ 1960ರ ದಶಕದಲ್ಲಿ ರೂಪ ಕೊಟ್ಟವರು ಸೋವಿಯತ್ ತರಬೇತುದಾರ ಯೂರಿ ವೆರ್ಖೋಶಾನ್ಸ್ಕಿ. ನಾನು ಹಿಡಿದುಕೊಂಡದ್ದು 'ಎತ್ತರ' ಎಂಬ ಮಾತನ್ನು ಮಾತ್ರ. 20 ಸೆಂ.ಮೀ.ನ ಮೂರು ಕಲ್ಲು ಪೇರಿಸಿ ಧುಮುಕುತ್ತಿದ್ದೆ. ಸೆಕೆಂಡಿಗೆ 240 ಫ್ರೇಮ್‌ನ ವಿಡಿಯೊ ನೋಡಿದಾಗ ಬಣ್ಣ ಬಯಲಾಯಿತು: ಹಿಮ್ಮಡಿ ಪೂರ್ತಿ ಊರಿದೆ, ಮಂಡಿ ಕುಸಿದಿದೆ, ಪಾದ ನೆಲದಲ್ಲಿದ್ದದ್ದು 74 ಫ್ರೇಮ್. ಸುಮಾರು 308 ಮಿಲಿಸೆಕೆಂಡ್! ಒಂದು ಕಲ್ಲು ತೆಗೆದೆ. 56 ಫ್ರೇಮ್, 233 ಮಿಲಿಸೆಕೆಂಡ್. ಚಿಮ್ಮಿದ ಎತ್ತರ ಎರಡರಲ್ಲೂ ಹೆಚ್ಚುಕಡಿಮೆ 30 ಸೆಂ.ಮೀ.

ಇಳಿಯುವಾಗ ಮೀನಖಂಡದ ಸ್ನಾಯು ಬಿಗಿಯಾಗಿರುತ್ತದೆ, ಹಿಮ್ಮಡಿಯ ಮೇಲಿನ ಅಕಿಲಿಸ್ ಸ್ನಾಯುರಜ್ಜು ಹಿಗ್ಗಿ ಶಕ್ತಿಯನ್ನು ಕೂಡಿಟ್ಟುಕೊಳ್ಳುತ್ತದೆ. ತಡಮಾಡಿದರೆ ಅದರಲ್ಲಿ ಒಂದು ಪಾಲು ಶಾಖವಾಗಿ ಸೋರಿಹೋಗುತ್ತದೆ. ಅಡಿಕೆ ಕೊಯ್ಯುವ ಕೊನೆಗಾರ ಒಂದು ಮರವನ್ನು ತೂಗಿಸಿ ಪಕ್ಕದ ಮರವನ್ನು ಹಿಡಿಯುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಮರ ವಾಲಿದ ಆ ಗಳಿಗೆ ತಪ್ಪಿದರೆ ಮತ್ತೆ ಮೊದಲಿನಿಂದ ತೂಗಬೇಕು. ಕಾಲಿಗೂ ಅದೇ ಗಳಿಗೆ. ವೇಗದ ಚಿಮ್ಮಿಕೆಗೆ ನೆಲದ ಮೇಲಿನ ಹೊತ್ತು 250 ಮಿಲಿಸೆಕೆಂಡ್‌ಗಿಂತ ಕಡಿಮೆ ಇರಬೇಕು ಎನ್ನುವ ಗೆರೆ ಇದಕ್ಕೇ. ಮೂರು ಕಲ್ಲಿನ ಮೇಲಿಂದ ನಾನು ಕಲಿಯುತ್ತಿದ್ದದ್ದು ಬೀಳುವುದನ್ನು.

ಆರನೇ ವಾರ ಮೊಣಕಾಲ ಕೆಳಗಿನ ಮೂಳೆ ನೋಯತೊಡಗಿತು. ವಾರಕ್ಕೆ ನಾಲ್ಕು ದಿನ ನೆಗೆದರೆ ಇನ್ನೇನಾದೀತು? ಈಗ ಎರಡೇ ದಿನ, ದಿನಕ್ಕೆ 60 ಇಳಿತ. ನೋವು ಹೋಗಿದೆ.

ನಿನ್ನೆಯ ಅತ್ಯುತ್ತಮ: ಎರಡು ಕಲ್ಲು, 49 ಫ್ರೇಮ್, 204 ಮಿಲಿಸೆಕೆಂಡ್. ಮೂರನೇ ಕಲ್ಲು ಬಚ್ಚಲ ಒಲೆಯ ಮುಂದಿದೆ, ಅಮ್ಮ ಅದರ ಮೇಲೆ ಕುಳಿತು ಉರಿ ಹಾಕುತ್ತಾರೆ. 190ಕ್ಕೆ ಇಳಿಯುವವರೆಗೆ ಅದನ್ನು ವಾಪಸ್ ಕೇಳುವುದಿಲ್ಲ.