ರೆಕ್ಕೆ ಇದ್ದ ಮಾತ್ರಕ್ಕೆ ಶಾಸ್ಟಾ ಅಲ್ಲ

ರೆಕ್ಕೆ ಇರುವ ಹಳೇ ಟ್ರೇಲರ್ ಕಂಡರೆ ಸಾಕು, ಕ್ಯಾಲಿಫೋರ್ನಿಯಾದಲ್ಲಿ ಜನ ಅದನ್ನು ಶಾಸ್ಟಾ ಅಂದುಬಿಡುತ್ತಾರೆ. ನಮ್ಮ ಕಡೆ ಯಾವ ಕಂಪನಿಯ ವನಸ್ಪತಿಯಾದರೂ ಡಾಲ್ಡಾ ಅಂದ ಹಾಗೆ. ಜನ ಅಂದರೆ ಪರವಾಗಿಲ್ಲ. ಇಂಟೇಕ್ ಶೀಟ್ ಬರೆಯುವವನೂ ಹಾಗೇ ಅಂದುಬಿಟ್ಟರೆ ಗಿರಾಕಿ ಎದುರಿಗೇ ಮರ್ಯಾದೆ ಹೋಗುತ್ತದೆ. ನಮ್ಮಲ್ಲಿ ಆ ಶೀಟ್ ಬರೆಯುವವನು ನಾನು.

ಕೆಲಸ ಲಾಸ್ ಏಂಜಲೀಸ್‌ನ ಪೂರ್ವಕ್ಕಿರುವ ಒಂದು ವರ್ಕ್‌ಶಾಪಿನಲ್ಲಿ. ಹಳೇ ಟ್ರಾವೆಲ್ ಟ್ರೇಲರ್‌ಗಳ ರಿಪೇರಿ, ಜೊತೆಗೆ ಕನ್ಸೈನ್‌ಮೆಂಟ್ ಮಾರಾಟ, ಅಂದರೆ ಮಾಲೀಕರ ಪರವಾಗಿ ಮಾರಿಕೊಡುವುದು. ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಪುಟ್ಟ ಮನೆ ಅಂದುಕೊಳ್ಳಿ. ಒಳಗೆ ಹಾಸಿಗೆ, ಒಲೆ, ಐಸ್‌ಬಾಕ್ಸ್, ಒಂದು ಮಡಚುವ ಮೇಜು. ಬಂದ ಗಾಡಿ ಯಾವ ವರ್ಷದ್ದು, ಯಾರು ಕಟ್ಟಿದ್ದು, ಯಾವುದು ಫ್ಯಾಕ್ಟರಿಯಿಂದಲೇ ಬಂದದ್ದು, ಯಾವುದು ಆಮೇಲೆ ಸೇರಿಸಿದ್ದು ಅಂತ ನೋಡಿ ಬರೆಯಬೇಕು. ಬೆಲೆ ನಿಲ್ಲುವುದೇ ಆ ಶೀಟಿನ ಮೇಲೆ.

ಶೀಟ್ ಅಂದರೆ ಈಗ ಕಾಗದ ಅಲ್ಲ, ಆ್ಯಪ್. ಮ್ಯಾನೇಜ್‌ಮೆಂಟ್ ಎಲ್ಲಿಂದಲೋ ಹುಡುಕಿ ತಂದದ್ದು, ಸೆಕೆಂಡ್ ಹ್ಯಾಂಡ್ ಕಾರು ಮಾರುವವರಿಗಾಗಿ ಮಾಡಿದ್ದು. ಮೊದಲನೇ ಪರದೆಯಲ್ಲೇ ವರ್ಷ, ಕಂಪನಿ, ಮಾಡೆಲ್ ಕೇಳುತ್ತದೆ. ತುಂಬದಿದ್ದರೆ ಫೋಟೊ ಹಾಕುವುದಕ್ಕೂ ಬಿಡುವುದಿಲ್ಲ. ಅಂದರೆ ಗಾಡಿ ನೋಡುವ ಮೊದಲೇ ಉತ್ತರ ಬರೆದಿರಬೇಕು. ಸಾಲದ್ದಕ್ಕೆ 17 ಅಕ್ಷರದ ವಿಐಎನ್, ಅಂದರೆ ಗಾಡಿಯ ಗುರುತಿನ ನಂಬರ್, ಬೇಕಂತೆ. ಆ ಪದ್ಧತಿ ಕಡ್ಡಾಯವಾದದ್ದೇ 1981ರ ಮಾಡೆಲ್‌ಗಳಿಂದ. ಅದಕ್ಕೂ ಮೊದಲು ಒಬ್ಬೊಬ್ಬ ತಯಾರಕ ತನಗೆ ತೋಚಿದ ಹಾಗೆ ನಂಬರ್ ಹೊಡೆಯುತ್ತಿದ್ದ. ಹಾಗಾಗಿ ಮುಂದೆ ಸೊನ್ನೆ ಜೋಡಿಸಿ ಆ್ಯಪ್ ಬಾಯಿ ಮುಚ್ಚಿಸುತ್ತೇವೆ. ಹೇಳಿ ಹೇಳಿ ಸಾಕಾಗಿದೆ.

ಏರ್‌ಸ್ಟ್ರೀಮ್ ಕಂಪನಿಯ ಗಾಡಿ ಬಂದ ದಿನ ಅಷ್ಟು ತಲೆನೋವಿಲ್ಲ. ಕಿಟಕಿ ನೋಡಿದರೆ ಅರ್ಧ ಕೆಲಸ ಮುಗಿಯುತ್ತದೆ. ಹೊರಗಡೆ ಫ್ರೇಮ್ ಕಾಣದ, ಮೈಗೆ ತಕ್ಕಂತೆ ಬಾಗಿದ ಕಾರ್ನಿಂಗ್ ಗಾಜು ಇದ್ದರೆ 1966ರಿಂದ 68ರ ಒಳಗಿನದು. ಹದಿನಾರು ಅಡಿಯ ಹಳೇ ಬ್ಯಾಂಬಿ ಮಾಡೆಲ್ ಆದರೆ 1961ರಿಂದ 63. ಮುಂಭಾಗದಲ್ಲಿ ಅಂಟಿಸಿರುವ ದೊಡ್ಡ ಕೆಂಪು ಅಂಕಿ ನೋಡಿ, ಇದೇ ಸೀರಿಯಲ್ ನಂಬರ್ ಅಲ್ವಾ ಅಂತ ಹೊಸಬರೆಲ್ಲ ಕೇಳುತ್ತಾರೆ. ಅಲ್ಲ. ಅದು ಏರ್‌ಸ್ಟ್ರೀಮ್ ಮಾಲೀಕರ ಕೂಟವಾದ ವಾಲಿ ಬಯಾಮ್ ಕ್ಯಾರವಾನ್ ಕ್ಲಬ್ಬಿನ ಸದಸ್ಯರ ನಂಬರ್. ಮಾಲೀಕರದ್ದು, ಗಾಡಿಯದ್ದಲ್ಲ. ರಿವೆಟ್ ಕೂಡ ಮಾತಾಡುತ್ತದೆ. ಫ್ಯಾಕ್ಟರಿಯಲ್ಲಿ ಹೊರಗೊಬ್ಬ ಒಳಗೊಬ್ಬ ನಿಂತು ಹೊಡೆದ ಗಟ್ಟಿ ರಿವೆಟ್ ಬೇರೆ. ಹೊರಗಿನಿಂದಲೇ ಎಳೆದು ತಲೆ ಸವರಿದ ಒಲಿಂಪಿಕ್ ರಿವೆಟ್ ಬೇರೆ. ಎರಡನೆಯದು ಸಾಲಾಗಿ ಕಂಡರೆ ಅಲ್ಲಿಯ ಅಲ್ಯುಮಿನಿಯಂ ತಗಡನ್ನು ಯಾರೋ ಆಮೇಲೆ ಬದಲಿಸಿದ್ದಾರೆ ಅಂತಲೇ ಲೆಕ್ಕ.

ಜೀವ ತಿನ್ನುವುದು ಕ್ಯಾನ್ಡ್ ಹ್ಯಾಮ್‌ಗಳು. ಮರದ ಚೌಕಟ್ಟು, ಮೇಲೆ ತೆಳ್ಳನೆ ಅಲ್ಯುಮಿನಿಯಂ ಸ್ಕಿನ್, ಪಕ್ಕದಿಂದ ನೋಡಿದರೆ ಮಾಂಸದ ಡಬ್ಬಿಯ ಆಕಾರ. 1950–60ರ ದಶಕಗಳಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ತುಂಬ ಇವನ್ನು ಕಟ್ಟುವ ಸಣ್ಣಪುಟ್ಟ ಕಂಪನಿಗಳಿದ್ದವು. ಕೆನ್‌ಸ್ಕಿಲ್, ಅಲ್ಜೋವಾ, ಟೆರಿ, ಇನ್ನೂ ಎಷ್ಟೋ. ಅವರಲ್ಲಿ ಹೆಸರು ಉಳಿಸಿಕೊಂಡದ್ದು ಶಾಸ್ಟಾ. 1941ರಲ್ಲಿ ರಾಬರ್ಟ್ ಗ್ರೇ ಶುರು ಮಾಡಿದ ಕಂಪನಿ. ಹಿಂಬದಿಯ ಎರಡೂ ಪಕ್ಕ ಅಂಟಿಕೊಂಡ ಅಲ್ಯುಮಿನಿಯಂ ರೆಕ್ಕೆ ಅದರ ಗುರುತು. ಆ ರೆಕ್ಕೆಗೆ ಎಷ್ಟು ಬೆಲೆ ಅಂದರೆ, 2015ರಲ್ಲಿ ಹಳೇ ಏರ್‌ಫ್ಲೈಟ್ ಮಾಡೆಲನ್ನೇ ಹೊಸದಾಗಿ ಕಟ್ಟಿ ಮಾರಿದರು. ಸ್ಥಾಪನೆಯ ವರ್ಷದ ನೆನಪಿಗೆ 1,941 ಗಾಡಿ. ಹಾಗಾಗಿ ನೋಡಿದ ಕೂಡಲೇ ಅರವತ್ತರ ದಶಕದ್ದು ಅನ್ನಿಸುವ ಹೊಸ ಗಾಡಿಯೂ ರಸ್ತೆಯಲ್ಲಿದೆ. ರೆಕ್ಕೆ ಮಾತ್ರ ಬೇಕು ಅಂದರೆ ಬಿಡಿಯಾಗಿಯೂ ಸಿಗುತ್ತದೆ.

ಇದೆಲ್ಲ ನನಗೆ ಗೊತ್ತಿಲ್ಲದ್ದೇನಲ್ಲ. ಹೊಸ ಹುಡುಗರಿಗೆ ನಾನೇ ಹೇಳಿಕೊಡುತ್ತೇನೆ. ಆದರೂ ಆಯಿತು.

ಬಂದದ್ದು ಹಳದಿ-ಬಿಳಿ ಕ್ಯಾನ್ಡ್ ಹ್ಯಾಮ್. ಹಿಂದೆ ಜೋಡಿ ರೆಕ್ಕೆ. ತಂದವರು ಅರವತ್ತು ದಾಟಿದ ಹೆಂಗಸು, ಗಾಡಿ ಅವರ ಅಪ್ಪನದು. ಟೈಟಲ್‌ನಲ್ಲಿ, ಅಂದರೆ ಮಾಲೀಕತ್ವದ ಕಾಗದದಲ್ಲಿ, 1961, ಶಾಸ್ಟಾ. ನಾನು ಟ್ಯಾಬ್ಲೆಟ್ ಹಿಡಿದು ಮೊದಲ ಪರದೆಗೆ ಅದನ್ನೇ ಹೊಡೆದೆ. ಆಮೇಲೆ ಸುತ್ತು ಹಾಕಿದೆ. ಕಿಟಕಿ ಚೌಕಟ್ಟಿನಲ್ಲಿ ಹೆರ್ ಅಂತ ಅಚ್ಚು, ಸರಿ. ಹಿಂದಿನ ದೀಪ ಬಾರ್ಗ್‌ಮನ್, ಸರಿ. ಐಸ್‌ಬಾಕ್ಸ್ ಬಾಗಿಲಲ್ಲಿ ಮಾರ್ವೆಲ್, ಒಲೆ ಪ್ರಿನ್ಸೆಸ್, ಸರಿ ಸರಿ. ಒಂದೊಂದು ಟಿಕ್ ಬಿದ್ದ ಹಾಗೆ ಧೈರ್ಯ ಜಾಸ್ತಿಯಾಯಿತು. ಇವೆಲ್ಲ ಶಾಸ್ಟಾದಲ್ಲಿ ಇರುತ್ತವೆ, ನಿಜ. ಪಕ್ಕದ ಊರಿನ ಬೇರೆ ಕಂಪನಿಯ ಗಾಡಿಯಲ್ಲೂ ಇರುತ್ತವೆ. ಎಲ್ಲರೂ ಅದೇ ನಾಲ್ಕಾರು ಕಡೆಯಿಂದ ಸಾಮಾನು ತರಿಸುತ್ತಿದ್ದರು. ಆ ಟಿಕ್‌ಗಳಿಂದ ಗೊತ್ತಾಗುವುದು ಸುಮಾರು ಕಾಲ ಮಾತ್ರ. ಯಾರು ಕಟ್ಟಿದ್ದು ಅಂತ ಅವು ಹೇಳುವುದಿಲ್ಲ.

ಬಾಡಿ ಬೇಯಲ್ಲಿರುವ ನಮ್ಮ ಮೆಕ್ಸಿಕನ್ ಮೇಸ್ತ್ರಿ ಕಾಫಿ ಹಿಡಿದು ಹಾದುಹೋದರು. "ರೆಕ್ಕೆ ಹೊಸದು ಅನ್ನಿಸುತ್ತೆ" ಅಂದರು. "ಪಾಲಿಶ್ ಮಾಡಿಸಿದ್ದಾರೆ" ಅಂದೆ. ಅವರು ಭುಜ ಕುಣಿಸಿ ಹೋದರು. ಮೂವತ್ತು ವರ್ಷ ಸ್ಕಿನ್ ಬಿಚ್ಚಿದ ಮನುಷ್ಯ ಒಂದು ಮಾತು ಅಂದರೆ ಟ್ಯಾಬ್ಲೆಟ್ ಕೆಳಗಿಡಬೇಕು. ನಾನು ಇಡಲಿಲ್ಲ. "1961 ಶಾಸ್ಟಾ ಏರ್‌ಫ್ಲೈಟ್, ಮೂಲ ರೆಕ್ಕೆಗಳು" ಅಂತ ಬರೆದು ಸೇವ್ ಒತ್ತಿದೆ. ಮ್ಯಾನೇಜರ್ ಅದಕ್ಕೆ ತಕ್ಕ ಬೆಲೆ ಇಟ್ಟ.

ಕೊಳ್ಳಲು ಬಂದವರು ಅರಿಜೋನಾದ ವಯಸ್ಸಾದ ದಂಪತಿ. ಗಂಡನ ಕೈಯಲ್ಲಿ ಟಾರ್ಚು, ಹಿಡಿ ಇರುವ ಸಣ್ಣ ಕನ್ನಡಿ. ಬೆಲೆ ಮಾತೇ ಎತ್ತಲಿಲ್ಲ. ನೇರ ಟಂಗ್ ಕೆಳಗೆ, ಅಂದರೆ ಕಾರಿಗೆ ಕಟ್ಟುವ ಮುಂಭಾಗದ ಕೆಳಗೆ, ಅಂಗಾತ ಮಲಗಿದರು. ಎದ್ದು ಮೊಣಕೈ ಒರೆಸಿಕೊಂಡು, "ರೆಕ್ಕೆ ಹಿಂದೆ ಯಾರಾದರೂ ನೋಡಿದ್ದೀರಾ?" ಅಂದರು. ಅವತ್ತು ಸಹಿ ಹಾಕಲು ಗಾಡಿಯ ಮಾಲೀಕರಾದ ಆ ಹೆಂಗಸೂ ಬಂದಿದ್ದರು. ಮ್ಯಾನೇಜರ್ ಪಕ್ಕದಲ್ಲೇ ಇದ್ದ. "ಈಗಲೇ ಒಂದು ಬಿಚ್ಚಿ ತೋರಿಸುತ್ತೇನೆ" ಅಂತ ಬಾಯಿ ಬಿಟ್ಟವನು ನಾನೇ. ಯಾರೂ ಕೇಳಿರಲಿಲ್ಲ.

ಡ್ರಿಲ್ ತಂದೆ. ಮೊದಲ ರಿವೆಟ್‌ಗೆ ಬಿಟ್ ಇಡುವಾಗಲೇ ಕಣ್ಣಿಗೆ ಬಿತ್ತು, ತಲೆಯ ನಡುವೆ ತೂತು. ಪಾಪ್ ರಿವೆಟ್. ಅದೇನೂ ದೊಡ್ಡ ಸುಳಿವಲ್ಲ, ಪಾಪ್ ರಿವೆಟ್ ಹಳೇ ಕಾಲದಲ್ಲೂ ಇತ್ತು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಎರಡನೆಯದು, ಮೂರನೆಯದು. ಅಲ್ಯುಮಿನಿಯಂ ಸಿಪ್ಪೆ ಬೂಟಿನ ಮೇಲೆ ಉದುರುತ್ತಿದೆ. ಹಿಂದೆ ನಾಲ್ಕು ಜನ ಮಾತಿಲ್ಲದೆ ನಿಂತಿದ್ದಾರೆ. ಕೊನೆಯ ರಿವೆಟ್ ಕಳಚಿದರೂ ರೆಕ್ಕೆ ಬೀಳಲಿಲ್ಲ, ಏನೋ ಹಿಡಿದುಕೊಂಡಿತ್ತು. ಪುಟ್ಟಿ ನೈಫ್ ತೂರಿಸಿ ಎಳೆದಾಗ ಪರ್ ಅಂತ ಬಿಟ್ಟುಕೊಂಡಿತು. ಪಾರದರ್ಶಕ ಸಿಲಿಕೋನ್. ಇನ್ನೂ ರಬ್ಬರಿನ ಹಾಗೆ ಮೆತ್ತಗಿತ್ತು. ಅರವತ್ತು ವರ್ಷದ ಪುಟ್ಟಿ ಆಗಿದ್ದರೆ ಬಿಸ್ಕತ್ತಿನಂತೆ ಪುಡಿಯಾಗಬೇಕಿತ್ತು.

ಅಸಲು ವಿಷಯ ಅದರ ಕೆಳಗಿತ್ತು. ರೆಕ್ಕೆ ಮೊದಲಿನಿಂದ ಅಲ್ಲೇ ಇದ್ದಿದ್ದರೆ ಅದರ ಹಿಂದಿನ ಬಣ್ಣಕ್ಕೆ ಬಿಸಿಲು ತಾಕಿರಬಾರದು. ರೆಕ್ಕೆಯದೇ ಆಕಾರದಲ್ಲಿ ಕಡು ಹಳದಿ, ಹೊಳಪು ಹಳದಿ ಉಳಿದಿರಬೇಕು. ಇಲ್ಲಿ ಸುತ್ತಲೂ ಹೇಗೆ ಮಾಸಿತ್ತೋ ರೆಕ್ಕೆಯಡಿಯೂ ಹಾಗೇ ಮಾಸಿತ್ತು. ಬೆರಳಿಟ್ಟು ಎಳೆದೆ. ಬೆರಳ ತುದಿಗೆ ಸೀಮೆಸುಣ್ಣದಂಥ ಹಳದಿ ಪುಡಿ ಬಂತು. ಹತ್ತಾರು ವರ್ಷ ಬಿಸಿಲಲ್ಲಿ ಬೆಂದ ಮೇಲೆ ರೆಕ್ಕೆ ಹತ್ತಿಸಿದ್ದಾರೆ. ಹಳೇ ಒಂದು ತೂತೂ ಇಲ್ಲ, ನಾನು ಈಗ ಬಿಡಿಸಿದವೇ ಅಷ್ಟೂ.

ಅರಿಜೋನಾದವರು ಏನೂ ಅನ್ನಲಿಲ್ಲ, ಅದೇ ಇನ್ನೂ ಕಷ್ಟವಾಯಿತು. ಟಾರ್ಚ್ ಆಫ್ ಮಾಡಿ ಜೇಬಿಗೆ ಹಾಕಿಕೊಂಡರು. ಮ್ಯಾನೇಜರ್ ನನ್ನನ್ನು ನೋಡುತ್ತಿದ್ದ. ನಾನು ಡ್ರಿಲ್ ಬಿಟ್ ನೋಡುತ್ತಿದ್ದೆ. ಆಗ ಮಾಲೀಕರು ಫೋನ್ ತೆಗೆದು, "ಬೇಕಾದರೆ ಹಳೇ ಫೋಟೊ ಇದೆ" ಅಂತ ತೋರಿಸಿದರು. ಕೆರೆ ದಡದಲ್ಲಿ ಅದೇ ಟ್ರೇಲರ್, ಮೆಟ್ಟಿಲ ಮೇಲೆ ಅವರೇ ಪುಟ್ಟ ಹುಡುಗಿ. ರೆಕ್ಕೆ ಇಲ್ಲ. "ಅರೆ, ನಾನು ಇದನ್ನು ಗಮನಿಸಿಯೇ ಇರಲಿಲ್ಲ, ತಮ್ಮ ಹಾಕಿಸಿರಬೇಕು" ಅಂತ ನಕ್ಕರು. ಆ ಫೋಟೊ ಮೊದಲ ದಿನವೂ ಅವರ ಫೋನಿನಲ್ಲೇ ಇತ್ತು. ಕೇಳಬೇಕು ಅಂತ ಆ್ಯಪ್ ಹೇಳಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ಟೈಟಲ್‌ನಲ್ಲಿ ಶಾಸ್ಟಾ ಅಂತ ಹೇಗೆ ಬಂತು ಅಂದರೆ, ಅಪ್ಪ ತೀರಿಕೊಂಡ ಮೇಲೆ ಹಳೇ ಕಾಗದ ಸಿಗದೆ, ಮನೆಯವರು ಬರೆದುಕೊಟ್ಟ ವಿವರದ ಮೇಲೆ ಹೊಸ ಟೈಟಲ್ ಆಗಿತ್ತು. ಮನೆಯವರು ರೆಕ್ಕೆ ನೋಡಿ ಬರೆದರು, ನಾನು ಟೈಟಲ್ ನೋಡಿ ಬರೆದೆ. ಟೈಟಲ್ ಅಸಲಿಯಾಗಿದ್ದರೂ ವರ್ಷವನ್ನು ಕಣ್ಣು ಮುಚ್ಚಿ ನಂಬುವ ಹಾಗಿಲ್ಲ. ಶೋರೂಮಿನಲ್ಲಿ ಉಳಿದ ಗಾಡಿ ಮಾರಾಟವಾದ ವರ್ಷದ ಹೆಸರಿನಲ್ಲೇ ನೋಂದಣಿ ಆಗಿರುವುದೂ ಉಂಟು.

ಅವರೆಲ್ಲ ಕಾಫಿಗೆ ಹೋದಾಗ ಮೇಸ್ತ್ರಿ ಜೊತೆ ಮೊದಲಿನಿಂದ ನೋಡಿದೆ. ಬಾಗಿಲ ಪಕ್ಕ, ಕಣ್ಣೆತ್ತರದಲ್ಲಿ, ಅಂಗೈ ಉದ್ದದ ಒಂದು ಕಲೆ. ಮೊಟ್ಟೆಯಾಕಾರ, ಎರಡು ತುದಿಗೂ ಸೂಜಿ ತೂರುವಷ್ಟು ತೂತು, ಒಳಗೆ ಬಣ್ಣ ಇನ್ನೂ ತಾಜಾ. ಅಲ್ಲೊಂದು ಹೆಸರಿನ ಬಿಲ್ಲೆ ಇತ್ತು. ಯಾರದ್ದೋ ಏನೋ, ಹೋಗಿದೆ. ದಿನಾ ನಾಲ್ಕು ಸಲ ಅದರ ಮುಂದೆಯೇ ಬಾಗಿಲು ತೆಗೆದಿದ್ದೇನೆ. ಟಂಗ್‌ನ ಉಕ್ಕಿನ ಚೌಕಟ್ಟಾದ ಎ-ಫ್ರೇಮ್ ಮೇಲಿನ ಬಣ್ಣ ಕೆರೆದರೆ ಕೈಯಿಂದ ಒಂದೊಂದೇ ಹೊಡೆದ ಅಂಕಿಗಳು ಸಿಕ್ಕವು. ಸಾಲು ಓರೆಕೋರೆ, ಕಂಪನಿ ಹೆಸರಿಲ್ಲ.

ಒಳಗಡೆ ಗೋಡೆಗೆಲ್ಲ ಬಿಳಿ ಪೇಂಟ್ ಬಳಿದಿದ್ದರು. ಹಾಸಿಗೆಯಾಗಿ ಬಿಚ್ಚುವ ಸೋಫಾ, ಗಾಚೊ, ಅದರ ಕೆಳಗೆ ತಲೆ ಹಾಕಿದರೆ ಬರ್ಚ್ ಪ್ಲೈವುಡ್ ಜೇನಿನ ಬಣ್ಣದಲ್ಲಿ ಹಾಗೇ ಇತ್ತು. ಬಳಿಯುವವರ ಕೈ ಅಲ್ಲಿಗೆ ಹೋಗಿರಲಿಲ್ಲ. ಮೂಲದ್ದು ಹುಡುಕಬೇಕಾದರೆ ಅಂಥ ಜಾಗದಲ್ಲೇ, ಬೀರುವಿನ ಒಳಗೆ, ಡ್ರಾಯರ್ ಹಿಂದೆ. ಪ್ಲಗ್ ಸಾಕೆಟ್ ಎರಡು ಕಾಲಿನದು, ಹಳೇ ಬಗೆಯದು. ಹೊರಗಿನ ದೀಪದ ವೈರಿಂಗ್ 12 ವೋಲ್ಟ್. ಅಮೆರಿಕದ ಕಾರುಗಳು 6 ವೋಲ್ಟ್‌ನಿಂದ 12ಕ್ಕೆ ಬಂದದ್ದು 1955-56ರ ಹೊತ್ತಿಗೆ, ಟ್ರೇಲರ್‌ಗಳೂ ಅವನ್ನೇ ಹಿಂಬಾಲಿಸಿದವು. ಬಲ್ಬ್ ಬದಲಿಸಿರಬಹುದು, ಹಾಗಾಗಿ ಇದೊಂದನ್ನೇ ನಂಬುವಂತಿಲ್ಲ. ಎಲ್ಲ ಸೇರಿಸಿದರೆ ಐವತ್ತರ ದಶಕದ ಕೊನೆ ಅಥವಾ ಅರವತ್ತರ ಶುರು. ಕಟ್ಟಿದವರು ಗೊತ್ತಿಲ್ಲ.

ಇದನ್ನು ಶೀಟ್‌ನಲ್ಲಿ ಬರೆಯಲು ಹೋದರೆ ಆ್ಯಪ್‌ನಲ್ಲಿ "ಗೊತ್ತಿಲ್ಲ" ಅನ್ನುವ ಆಯ್ಕೆಯೇ ಇಲ್ಲ. ಕಂಪನಿ "ಅದರ್", ಮಾಡೆಲ್ "ಅದರ್" ಅಂತ ಒತ್ತಿದೆ. ಬೋರ್ಡಿಗೆ ಹಾಕುವ ಕಾರ್ಡ್ "1960 ಅದರ್ ಅದರ್" ಅಂತ ಪ್ರಿಂಟ್ ಆಗಿ ಬಂತು. ಮ್ಯಾನೇಜರ್ ಅದನ್ನು ನೋಡಿ, ರೆಕ್ಕೆ ವಾಪಸ್ ಹಾಕಿ "ಶಾಸ್ಟಾ ಶೈಲಿ" ಅಂತ ಬರೆದರೆ ಹೇಗೆ ಅಂದ. ಮೇಸ್ತ್ರಿ ಅಷ್ಟರಲ್ಲಿ ತೂತುಗಳಿಗೆ ಬ್ಯೂಟೈಲ್ ಅಂಟು ತುಂಬಿ ಮುಚ್ಚಿಬಿಟ್ಟಿದ್ದರು. ಕೇಳಿಸಲಿಲ್ಲ ಅನ್ನುವ ಹಾಗೆ ಕೈ ಒರೆಸಿಕೊಂಡರು.

ಈಗ ಟೈಟಲ್ ಕೊನೆಗೆ ಕೇಳುತ್ತೇನೆ. ಮೊದಲು ಹಳೇ ಫೋಟೊ. ಆಮೇಲೆ ಒಂದು ಹಿಂದಿನ ದೀಪ ಬಿಚ್ಚಿ ಅದರಡಿಯ ಬಣ್ಣ ನೋಡುತ್ತೇನೆ, ಒಂಟಿಯಾಗಿ, ಗಿರಾಕಿ ಬರುವ ಮೊದಲು. ಆ್ಯಪ್‌ನ ಮೊದಲ ಪರದೆಗೆ ಏನೋ ಒಂದು ಹೊಡೆದು ಮುಂದೆ ಹೋಗಿ ಆಮೇಲೆ ತಿದ್ದುತ್ತೇನೆ. ಹಾಗೆ ತಿದ್ದಿದ್ದಕ್ಕೆಲ್ಲ ಮೇಲಿನವರಿಗೆ ಈಮೇಲ್ ಹೋಗುತ್ತದಂತೆ, ಹೋಗಲಿ.

ಅರಿಜೋನಾದವರು ಅದೇ ಗಾಡಿಯನ್ನು ತೆಗೆದುಕೊಂಡರು, ಹೇಳಿದ ಬೆಲೆಗೆ ಚೆನ್ನಾಗಿಯೇ ಚೌಕಾಸಿ ಮಾಡಿ. ಶಾಸ್ಟಾ ಅಂತ ಅವರು ನಂಬಿಯೇ ಇರಲಿಲ್ಲವಂತೆ, ಬಾಗಿಲ ಪಕ್ಕದ ಕಲೆಯನ್ನು ಬಂದ ತಕ್ಷಣ ನೋಡಿದ್ದರಂತೆ. ಹೊರಡುವಾಗ ಆ ಎರಡು ರೆಕ್ಕೆಯೂ ಕೊಡಿ, ಮೊಮ್ಮಗನಿಗೆ ಬೇಕು ಅಂದರು. ಮ್ಯಾನೇಜರ್ ಅದಕ್ಕೆ ಬೇರೆ ಬಿಲ್ ಮಾಡಿದ.